ಸರಪಳಿ ಕಡಿದದ್ದು ಯಾರ ಲೆಕ್ಕಕ್ಕೆ?

೨೦೨೪ನೆಯ ಇಸವಿಯ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದು ಸರಪಳಿ ಕಡಿದು ಹೊಳೆಯ ಪಾಲಾಯಿತು. ಜಲಾಶಯ ತುಂಬಿ ನಿಂತಿದ್ದ ಹೊತ್ತು ಅದು. ೬೦ ಅಡಿ ಅಗಲದ, ೨೦ ಅಡಿ ಎತ್ತರದ ಕಂಡಿ ಬಾಯ್ದೆರೆಯಿತು. ಒಂದೇ ಕಡೆ ಒತ್ತಡ ಬೀಳಬಾರದೆಂದು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಲಕ್ಷ ಕ್ಯುಸೆಕ್ ಮೀರಿ ನೀರು ಹೊಳೆಗೆ ಹರಿಯಿತು. ಕೊಪ್ಪಳ, ವಿಜಯನಗರ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಹೊಳೆದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು. ಪ್ರಾಣಹಾನಿ ಆಗಲಿಲ್ಲ, ನಿಜ. ಆದರೆ ಒಂದು ವಾರದೊಳಗೆ ೩೦ ಟಿ.ಎಂ.ಸಿ.ಗೂ ಮಿಕ್ಕಿದ ನೀರು ಜಲಾಶಯದಿಂದ ಖಾಲಿಯಾಯಿತು. ನಾಟಿ ಹಚ್ಚಿದ ಗದ್ದೆಯ ಬದುವಿನ ಮೇಲೆ ನಿಂತು ರೈತನು ತನ್ನ ಅನ್ನ ಹರಿದು ಹೋಗುವುದನ್ನು ನೋಡಿದನು.

ಇದಾದ ಮೇಲೆ ಜಗಲಿಯಿಂದ ಹಿಡಿದು ಕಚೇರಿಯವರೆಗೆ ಒಂದು ಮಾತು ಕೇಳಿಬಂತು: ಯಂತ್ರವೆಂದ ಮೇಲೆ ಕೆಡುತ್ತದೆ, ಎಲ್ಲ ಅಪಘಾತಗಳನ್ನೂ ತಡೆಯಲು ಯಾರಿಂದ ಸಾಧ್ಯ? ಮಾತು ಕೇಳಲು ಬಲು ಸಮಾಧಾನಕರವಾಗಿದೆ. ಸಮಾಧಾನಕರವಾದ ಮಾತನ್ನು ಎರಡು ಸಾರಿ ತಿರುಗಿಸಿ ನೋಡುವುದು ಒಳ್ಳೆಯದು. ಅದರ ಅಡಿಯಲ್ಲಿ ಯಾರೋ ಒಬ್ಬರು ಹಾಯಾಗಿ ಮಲಗಿರುತ್ತಾರೆ.

ಇಬ್ಬರು ಉಪದೇಶಕರು

ಅಪಘಾತದ ವಿಷಯದಲ್ಲಿ ನಮಗೆ ಇಬ್ಬರು ಉಪದೇಶಕರಿದ್ದಾರೆ. ಮೊದಲನೆಯವನು ಹೇಳುತ್ತಾನೆ: ಅಪಘಾತ ದೈವಾಧೀನ, ಯಾವುದನ್ನೂ ತಡೆಯಲಾಗದು. ಎರಡನೆಯವನನ್ನು ನೋಡಬೇಕಾದರೆ ಯಾವುದಾದರೂ ದೊಡ್ಡ ಕಾರ್ಖಾನೆಯ ಹೆಬ್ಬಾಗಿಲಿಗೆ ಹೋಗಬೇಕು. ಅಲ್ಲಿ ಚೆಂದದ ಬೋರ್ಡು ತೂಗುತ್ತಿರುತ್ತದೆ: ಎಲ್ಲ ಅಪಘಾತಗಳನ್ನೂ ತಡೆಯಬಹುದು, ನಮ್ಮ ಗುರಿ ಸೊನ್ನೆ ಅಪಘಾತ.

ಮೇಲುನೋಟಕ್ಕೆ ಇವರಿಬ್ಬರೂ ಎಣ್ಣೆ–ಸೀಗೆಕಾಯಿ. ಆದರೆ ಇಬ್ಬರ ಮಾತಿನ ಫಲ ಒಂದೇ. ಮೊದಲನೆಯವನ ಮಾತಿನಂತೆ ನಡೆದರೆ ಅಪಘಾತಕ್ಕೆ ಯಾರೂ ಹೊಣೆಯಲ್ಲ. ಎರಡನೆಯವನ ಮಾತಿನಂತೆ ನಡೆದರೆ, ಎಲ್ಲವನ್ನೂ ತಡೆಯಬಹುದಾಗಿದ್ದರಿಂದ, ಕೈ ಕಳೆದುಕೊಂಡ ಕೂಲಿಯವನೇ ಅಜಾಗರೂಕನು! ಅವನು ಕೈಗವಸು ಹಾಕಿರಲಿಲ್ಲ, ಅವನು ನಿದ್ದೆಗಣ್ಣಿನಲ್ಲಿದ್ದನು ಎಂದು ವರದಿ ಬರೆದು ಮುಗಿಸಬಹುದು. ಹನ್ನೆರಡು ತಾಸು ದುಡಿಸಿದವರು ಯಾರು, ಯಂತ್ರಕ್ಕೆ ಅಡ್ಡಗಟ್ಟೆ ಹಾಕದೆ ಬಿಟ್ಟವರು ಯಾರು ಎಂಬ ಪ್ರಶ್ನೆ ಏಳುವುದೇ ಇಲ್ಲ. ಒಬ್ಬನು ದೇವರ ಮೇಲೆ ಹಾಕುತ್ತಾನೆ, ಇನ್ನೊಬ್ಬನು ಬಡವನ ಮೇಲೆ ಹಾಕುತ್ತಾನೆ. ನಡುವೆ ಕುಳಿತ ಯಜಮಾನನ ಅಂಗಿಗೆ ಕಲೆ ತಾಗುವುದಿಲ್ಲ.

ನಾವು ಇಬ್ಬರನ್ನೂ ಒಪ್ಪುವುದಿಲ್ಲ. ತಡೆಯಲಾಗದ ಅಪಘಾತಗಳು ಇವೆ. ಮಲೆನಾಡಿನಲ್ಲಿ ಮಳೆ ಎಷ್ಟು ಬೀಳಬೇಕೆಂದು ಯಾವ ಮಂತ್ರಿಮಂಡಲವೂ ಠರಾವು ಮಾಡಲಾರದು. ೨೦೧೯ರ ಆಗಸ್ಟಿನಲ್ಲಿ ಹೊಳೆ ಏರಿ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗಳನ್ನು ಹೆಲಿಕಾಪ್ಟರು, ದೋಣಿಗಳಿಂದ ಪಾರುಮಾಡಬೇಕಾಯಿತು. ಆ ನೆರೆಗೆ ಮೂಲವಾದ ಮಳೆಗೆ ನಾವು ಯಾರನ್ನೂ ದೂರುವುದಿಲ್ಲ. ಅಪಾಯವೇ ಇಲ್ಲದ ಬದುಕು ಇಲ್ಲ. ಹೊಲಕ್ಕೆ ಹೋಗುವವನಿಗೆ ಹಾವಿನ ಅಪಾಯ, ಬಾವಿಗೆ ಇಳಿಯುವವನಿಗೆ ಉಸಿರಿನ ಅಪಾಯ. ಹಾಗಾದರೆ ಕೇಳಬೇಕಾದ ಪ್ರಶ್ನೆ ಅಪಾಯ ಇದೆಯೋ ಇಲ್ಲವೋ ಎಂಬುದಲ್ಲ. ಎಷ್ಟು ಅಪಾಯವನ್ನು ಒಪ್ಪಿಕೊಳ್ಳಬೇಕು? ಒಪ್ಪಿದವರು ಯಾರು? ತೆತ್ತವರು ಯಾರು? ಇಷ್ಟೇ ಪ್ರಶ್ನೆ.

ಹರಿಗೋಲಿನವನ ಲೆಕ್ಕ

ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿ ಹೊಳೆಯ ಎಡದಂಡೆಯ ಊರು. ಒಂದು ಮಗ್ಗುಲಿಗೆ ಅಂಜನಾದ್ರಿ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ, ಆಚೆ ದಂಡೆಗೆ ಹಂಪಿ. ಬಂಡೆಗಳ ನಡುವೆ ಭತ್ತ, ಬಾಳೆ. ಈ ಸೀಮೆಯ ಜನ ತಲೆತಲಾಂತರದಿಂದ ಹೊಳೆ ದಾಟಿದ್ದು ಹರಿಗೋಲಿನಲ್ಲಿ. ೧೬ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಬುಟ್ಟಿಯಂತೆ ದುಂಡಗಿರುವ ಈ ದೋಣಿಗಳ ವಿಷಯ ಬರೆದಿಟ್ಟಿದ್ದಾನೆ.

ಹರಿಗೋಲು ಅಪಾಯದ ವಾಹನವೇ. ಆದರೆ ಅದರಲ್ಲಿ ಒಂದು ನ್ಯಾಯವಿದೆ. ಹುಟ್ಟು ಹಾಕುವವನು ಅದೇ ಬುಟ್ಟಿಯಲ್ಲಿ ಕುಳಿತಿರುತ್ತಾನೆ. ಹೊಳೆ ಕೆಂಪಗೆ ಬಂದಿದೆಯೇ, ಸುಳಿ ಎಲ್ಲಿ ಎದ್ದಿದೆ, ಇನ್ನೊಬ್ಬ ಮನುಷ್ಯನನ್ನು ಹತ್ತಿಸಿಕೊಂಡರೆ ತಾಳುತ್ತದೆಯೇ ಎಂದು ಅವನು ತನ್ನ ಪ್ರಾಣವನ್ನೂ ತಕ್ಕಡಿಗೆ ಹಾಕಿ ತೂಗುತ್ತಾನೆ. ಹೊಳೆ ತುಂಬಿದರೆ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕುತ್ತಾನೆ. ಅಂದಿನ ಗಳಿಕೆ ಹೋದರೂ ಸರಿ. ಅಪಾಯದ ಲೆಕ್ಕ ಹಾಕುವವನೂ ಅಪಾಯ ಹೊರುವವನೂ ಒಬ್ಬನೇ ಆಗಿರುವಲ್ಲಿ ಲೆಕ್ಕ ತಪ್ಪುವುದು ಕಡಿಮೆ.

ಇದೇ ಹೊಳೆಗೆ ಆನೆಗೊಂದಿ–ತಳವಾರಘಟ್ಟದ ನಡುವೆ ಒಂದು ಸೇತುವೆ ಕಟ್ಟತೊಡಗಿದರು. ಹಂಪಿಯ ಸ್ಮಾರಕಗಳ ವಾದದಲ್ಲಿ ಕೆಲಸ ವರ್ಷಗಟ್ಟಲೆ ನಿಂತಿತು, ಮತ್ತೆ ಆರಂಭವಾಯಿತು. ೨೦೦೯ರ ಜನವರಿ ೨೨ರಂದು ಕಟ್ಟುತ್ತಿದ್ದಾಗಲೇ ಕುಸಿದುಬಿತ್ತು. ಜೊತೆಗೆ ಬಿದ್ದವರು ಅದರ ಮೇಲೆ ಕೆಲಸಕ್ಕಿದ್ದ ಕೂಲಿಕಾರರು. ನಕ್ಷೆ ಬರೆದವರೂ ಗುತ್ತಿಗೆ ಹಿಡಿದವರೂ ಮಂಜೂರಾತಿ ಕೊಟ್ಟವರೂ ಆ ಹೊತ್ತಿಗೆ ಸೇತುವೆಯ ಮೇಲೆ ಇರಲಿಲ್ಲ. ಹರಿಗೋಲಿಗೂ ಈ ಸೇತುವೆಗೂ ಇದ್ದ ವ್ಯತ್ಯಾಸ ಇದೇ. ಲೆಕ್ಕ ಒಬ್ಬರದು, ಜೀವ ಇನ್ನೊಬ್ಬರದು.

ಮಿಣಿಯ ನ್ಯಾಯ

ಈಗ ಅಣೆಕಟ್ಟಿಗೆ ಬರೋಣ. ತುಂಗಭದ್ರಾ ಅಣೆಕಟ್ಟಿಗೆ ೧೯೪೫ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು. ಒಂದು ದಂಡೆ ನಿಜಾಮನ ಹೈದರಾಬಾದಿನದು, ಇನ್ನೊಂದು ದಂಡೆ ಮದರಾಸಿನದು. ೧೯೫೩ರ ಹೊತ್ತಿಗೆ ನೀರು ನಿಂತಿತು. ಸುಮಾರು ೯೦ ಹಳ್ಳಿಗಳು ಮುಳುಗಿದವು. ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಎದ್ದರು. ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ ಕಟ್ಟಿದ ಆ ಗೋಡೆ ಇಂದಿಗೂ ನಿಂತಿದೆ. ಕಟ್ಟಿದ ಇಂಜಿನಿಯರರಿಗೂ ಕಲ್ಲು ಹೊತ್ತ ಒಡ್ಡರಿಗೂ ನಾವು ಕೈಮುಗಿಯುತ್ತೇವೆ.

ಆದರೆ ಜಲಾಶಯದ ಪೂರ್ಣಮಟ್ಟ ೧೬೩೩ ಅಡಿ. ಅದರ ಮೇಲಿನ ೨೦ ಅಡಿ ನೀರನ್ನು ತೂಬಿನ ಸಾಲಿನಲ್ಲಿ ಹಿಡಿದು ನಿಲ್ಲಿಸುವುದು ಕಲ್ಲಲ್ಲ, ಕಬ್ಬಿಣದ ಗೇಟುಗಳು. ಕಲ್ಲಿನ ಬಾಳು ಬೇರೆ, ಕಬ್ಬಿಣದ ಬಾಳು ಬೇರೆ. ಇಂಥ ಗೇಟುಗಳ ಬಾಳು ಸುಮಾರು ೪೫ ವರ್ಷವೆಂದು ಬಲ್ಲವರು ಹೇಳುತ್ತಾರೆ. ಆ ಲೆಕ್ಕದಂತೆ ೧೯೯೮ರ ಸುಮಾರಿಗೆ ಇವುಗಳ ಆಯುಸ್ಸು ತೀರಿತು. ಸರಪಳಿ ಕಡಿದದ್ದು ೨೦೨೪ರಲ್ಲಿ. ನಡುವಿನ ೨೬ ವರ್ಷ ನಾವು ಬದುಕಿದ್ದು ಸಾಲದ ಬದುಕು. ಆ ಸಾಲ ಎತ್ತಿದವರು ನಮ್ಮನ್ನು ಕೇಳಲಿಲ್ಲ.

ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಅಕ್ಷರ ಬಾರದ ಒಕ್ಕಲಿಗನಿಗೂ ಒಂದು ನ್ಯಾಯ ಗೊತ್ತಿತ್ತು: ಮಿಣಿ ಕಡಿಯುವ ತನಕ ಕಾಯಬಾರದು. ಎಳೆ ಸವೆದಿದ್ದು ಕಂಡಕೂಡಲೆ ಹೊಸ ಮಿಣಿ ತರಬೇಕು. ಹೊಸದು ತರಲು ಕೈಯಲ್ಲಿ ಕಾಸಿಲ್ಲದಿದ್ದರೆ ಹಳೆಯದೊಂದನ್ನಾದರೂ ಅಟ್ಟದ ಮೇಲೆ ಇಟ್ಟಿರಬೇಕು. ಯಾಕೆಂದರೆ ಮಿಣಿ ಕಡಿಯುವುದು ಮಿಣಿಯ ಮಟ್ಟಿಗೆ ಸಣ್ಣ ಸಂಗತಿ, ಒಣಗುವ ಬೆಳೆಯ ಮಟ್ಟಿಗೆ ಸಣ್ಣದಲ್ಲ.

ಆರು ಲಕ್ಷ ಎಕರೆಯ ಸುಮಾರಿಗೆ ಎಡದಂಡೆ ಕಾಲುವೆಯೊಂದೇ ನೀರುಣಿಸುವ ಅಣೆಕಟ್ಟಿನ ಅಟ್ಟದ ಮೇಲೆ ಏನಿತ್ತು? ಏನೂ ಇರಲಿಲ್ಲ. ಗೇಟು ಹೋದ ಕಂಡಿಗೆ ಅಡ್ಡ ಇಳಿಸುವ ಹಲಗೆಗಳನ್ನು ಗೇಟು ಹೋದ ಮೇಲೆ ಕಾರ್ಖಾನೆಗಳಲ್ಲಿ ಹಗಲೂ ರಾತ್ರಿ ಕೂತು ತಯಾರಿಸಬೇಕಾಯಿತು. ಗೇಟುಗಳ ತಜ್ಞರಾದ ಕನ್ಹಯ್ಯ ನಾಯ್ಡು ಅವರು ಇಳಿವಯಸ್ಸಿನಲ್ಲಿ ಬಂದು ನಿಂತರು. ಕಾರ್ಮಿಕರು ರಭಸದಿಂದ ಹರಿಯುವ ನೀರಿನ ಮೇಲೆಯೇ ಜೀವ ಕೈಯಲ್ಲಿ ಹಿಡಿದು ಹಲಗೆಗಳನ್ನು ಇಳಿಸಿದರು. ಆಗಸ್ಟ್ ೧೬, ೧೭ರಂದು ಕಂಡಿ ಮುಚ್ಚಿತು. ಆಗ ಉಳಿದಿದ್ದು ೭೧ ಟಿ.ಎಂ.ಸಿ.ಯ ಸುಮಾರು. ಆಮೇಲೆ ಮಲೆನಾಡಿನ ಮಳೆ ಕೈಹಿಡಿಯಿತು, ಜಲಾಶಯ ಮತ್ತೆ ತುಂಬಿತು, ಸೆಪ್ಟೆಂಬರ್ ೨೨ರಂದು ಮುಖ್ಯಮಂತ್ರಿಗಳು ಬಂದು ಬಾಗಿನ ಬಿಟ್ಟರು.

ಆ ಕಾರ್ಮಿಕರನ್ನು ಸನ್ಮಾನಿಸಿದ್ದು ಸರಿಯೇ. ಆದರೆ ನಾವು ಒಂದು ಮಾತು ಹೇಳಬೇಕು. ಸಾಹಸ ಬೇಕಾಗಿ ಬಂದದ್ದು ಎಲ್ಲಿಯೋ ದುಡಿಮೆ ತಪ್ಪಿದ್ದಕ್ಕೆ. ಸಕಾಲದಲ್ಲಿ ಸರಪಳಿ ಬದಲಿಸಿದ ಕೂಲಿಕಾರನಿಗೆ ಯಾರೂ ಹಾರ ಹಾಕುವುದಿಲ್ಲ. ಅವನ ಕೆಲಸ ನಡೆದ ಊರಿನಲ್ಲಿ ಸುದ್ದಿಯೇ ಆಗುವುದಿಲ್ಲ. ಸುದ್ದಿಯಾಗದ ಕೆಲಸಕ್ಕೆ ಹಣ ಮಂಜೂರಾಗುವುದಿಲ್ಲ. ರೋಗದ ಬೇರು ಇಲ್ಲಿದೆ.

ಗೊತ್ತಿರಲಿಲ್ಲ ಎನ್ನುವಂತಿಲ್ಲ

ಇಂಥದು ನಡೆಯಬಹುದೆಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ ಎನ್ನುವವರಿಗೆ ನಾವು ಕೆಲವು ತಾರೀಖುಗಳನ್ನು ನೆನಪಿಸುತ್ತೇವೆ.

೧೯೭೯ರ ಆಗಸ್ಟ್ ೧೧ರಂದು ಗುಜರಾತಿನ ಮಚ್ಛು ಅಣೆಕಟ್ಟು ಒಡೆದು ಮೋರ್ಬಿ ಪಟ್ಟಣ ಕೊಚ್ಚಿಹೋಯಿತು. ಸಾವಿರಾರು ಜನ ಸತ್ತರು. ಎತ್ತಲಾಗದೆ ಕೈಕೊಟ್ಟ ಗೇಟುಗಳ ಮಾತು ಆಗಲೇ ಎದ್ದಿತ್ತು. ನೇಮಿಸಿದ್ದ ವಿಚಾರಣಾ ಆಯೋಗವನ್ನು ಅದರ ಕೆಲಸ ಮುಗಿಯುವ ಮೊದಲೇ ಸರಕಾರ ಬರಖಾಸ್ತು ಮಾಡಿತು. ೨೦೨೧ರ ಆಗಸ್ಟ್ ೫ರಂದು, ನಮ್ಮ ತುಂಗಭದ್ರೆ ಹೋಗಿ ಸೇರುವ ಕೃಷ್ಣೆಯ ಮೇಲೆಯೇ, ಆಂಧ್ರದ ಪುಲಿಚಿಂತಲ ಯೋಜನೆಯ ೧೬ನೆಯ ಗೇಟು ಕೊಚ್ಚಿಹೋಯಿತು. ಅದೇ ವರ್ಷ ನವೆಂಬರ್ ೧೯ರಂದು ಕಡಪಾ ಸೀಮೆಯ ಅನ್ನಮಯ್ಯ ಅಣೆಕಟ್ಟು ಒಡೆಯಿತು. ಐದು ಗೇಟುಗಳಲ್ಲಿ ಒಂದನ್ನು ಎತ್ತಲು ಆಗಿರಲಿಲ್ಲ. ಹೊಳೆದಂಡೆಯ ಹಳ್ಳಿಗಳ ಹತ್ತಾರು ಜನ ನೀರುಪಾಲಾದರು. ಇವು ದೂರದ ದೇಶದ ಕತೆಗಳಲ್ಲ. ನೆರೆಮನೆಗೆ ಬೆಂಕಿ ಬಿದ್ದಾಗ ತನ್ನ ಮನೆಯ ಸೂರು ನೋಡಿಕೊಳ್ಳದವನನ್ನು ನಾವು ಏನೆಂದು ಕರೆಯುತ್ತೇವೆ?

ದೂರದ ದೇಶದ ಕತೆಯೂ ಬೇಕಾದರೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೋಲ್ಸಮ್ ಎಂಬ ಅಣೆಕಟ್ಟು. ಅದೂ ನಮ್ಮದರ ಓರಗೆಯದೇ, ೧೯೫೦ರ ದಶಕದ್ದು. ೧೯೯೫ರ ಜುಲೈ ೧೭ರಂದು ಅದರ ಒಂದು ಗೇಟು ಮುರಿದು ಜಲಾಶಯದ ನೀರಿನಲ್ಲಿ ದೊಡ್ಡ ಪಾಲು ಹರಿದುಹೋಯಿತು. ವಿಚಾರಣೆ ಮಾಡಿದವರು ದೇವರ ಇಚ್ಛೆಯೆಂದು ಬರೆದು ಎದ್ದುಹೋಗಲಿಲ್ಲ. ಗೇಟು ತಿರುಗುವ ಕೀಲಿಗೆ ತುಕ್ಕು ಹಿಡಿದಿತ್ತು, ಕೀಲಿಗೆ ಎಣ್ಣೆ ಹಾಕುವುದು ಕಡಿಮೆಯಾಗಿತ್ತು, ತಿಕ್ಕಾಟ ವರ್ಷದಿಂದ ವರ್ಷಕ್ಕೆ ಬೆಳೆದು ಗೇಟಿನ ತೋಳು ಮುರಿಯಿತು ಎಂದು ಕಂಡುಹಿಡಿದರು. ಆಮೇಲೆ ಆ ದೇಶದ ಬೇರೆ ಅಣೆಕಟ್ಟುಗಳ ಇಂಥ ಗೇಟುಗಳನ್ನೂ ಪರೀಕ್ಷಿಸಿದರು. ನಮ್ಮ ಹಳ್ಳಿಯ ಬಂಡಿ ಹೊಡೆಯುವವನು ಸಂತೆಗೆ ಹೊರಡುವ ಮೊದಲು ಕೀಲೆಣ್ಣೆಯ ಗೊಟ್ಟ ನೋಡುತ್ತಿದ್ದನು. ಜಗತ್ತಿನ ದೊಡ್ಡ ಇಂಜಿನಿಯರರು ಕೋಟಿ ಖರ್ಚು ಮಾಡಿ ಕಲಿತದ್ದು ಅದನ್ನೇ.

ನಮ್ಮಲ್ಲಿ ಕಾಯಿದೆಯೂ ಇದೆ. ೨೦೨೧ರ ಅಣೆಕಟ್ಟು ಸುರಕ್ಷಾ ಕಾಯಿದೆಯಂತೆ ಮಳೆಗಾಲಕ್ಕೆ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅಣೆಕಟ್ಟನ್ನು ಪರೀಕ್ಷಿಸಲೇಬೇಕು. ಆಪತ್ತಿನ ಕಾಲಕ್ಕೆ ಏನು ಮಾಡಬೇಕೆಂಬ ಯೋಜನೆ ಬರೆದಿಡಬೇಕು. ಸರಿ. ೨೦೨೪ರ ಮಳೆಗಾಲಕ್ಕೆ ಮೊದಲು ೧೯ನೆಯ ಗೇಟಿನ ಸರಪಳಿಯ ಮುಂದೆ ಏನೆಂದು ಬರೆದಿತ್ತು? ಆ ಕಾಗದವನ್ನು ಗಂಗಾವತಿಯ ರೈತನಿಗೆ ತೋರಿಸಿರಿ. ಚೆನ್ನಾಗಿದೆ ಎಂದು ಬರೆದಿದ್ದರೆ ಬರೆದವರು ಉತ್ತರ ಹೇಳಲಿ. ಸವೆದಿದೆ ಎಂದು ಬರೆದಿದ್ದರೆ ಓದಿ ಬದಿಗಿಟ್ಟವರು ಉತ್ತರ ಹೇಳಲಿ.

ಉತ್ತರ ಹೇಳುವವರು ಯಾರೆಂಬುದೇ ಇಲ್ಲಿ ದೊಡ್ಡ ಗೊಂದಲ. ಅಣೆಕಟ್ಟು ತುಂಗಭದ್ರಾ ಮಂಡಳಿಯ ಕೈಯಲ್ಲಿದೆ. ಮಂಡಳಿಗೆ ಅಧ್ಯಕ್ಷರನ್ನು ಕಳಿಸುವುದು ಕೇಂದ್ರ. ಸದಸ್ಯರು ಕರ್ನಾಟಕ, ಆಂಧ್ರ, ತೆಲಂಗಾಣಗಳವರು. ಗೇಟು ಹೋದ ಮರುದಿನದಿಂದಲೇ ಪಕ್ಷಗಳು ಒಂದರ ಕಡೆಗೆ ಇನ್ನೊಂದು ಬೆರಳು ತೋರಿಸಿದವು. ನಾಲ್ಕು ಜನ ಯಜಮಾನರಿದ್ದ ಎತ್ತಿಗೆ ಮೇವು ಹಾಕುವವರು ಯಾರೂ ಇಲ್ಲ ಎಂಬಂತಾಯಿತು. ೧೯೫೬ರಲ್ಲಿ ಅರಿಯಲೂರಿನಲ್ಲಿ ರೈಲು ಹೊಳೆಗೆ ಬಿದ್ದಾಗ ರೈಲ್ವೆ ಮಂತ್ರಿ ಲಾಲ್ ಬಹಾದೂರ್ ಶಾಸ್ತ್ರಿಗಳು ರಾಜೀನಾಮೆ ಕೊಟ್ಟರು. ರಾಜೀನಾಮೆಯಿಂದ ಸೇತುವೆ ಗಟ್ಟಿಯಾಗುವುದಿಲ್ಲವೆಂದು ನಮಗೂ ಗೊತ್ತು. ಆದರೆ ಇದು ನನ್ನ ಲೆಕ್ಕ ಎಂದು ಹೇಳುವ ಒಬ್ಬ ಮನುಷ್ಯನಾದರೂ ಆಗ ಇದ್ದನು.

ಲೆಕ್ಕ ಅವರದು, ತೆರಿಗೆ ನಮ್ಮದು

ಸುರಕ್ಷತೆಗೆ ಹಣ ಬೇಕು, ಸರಕಾರದ ಬೊಕ್ಕಸ ಅಕ್ಷಯಪಾತ್ರೆಯಲ್ಲ ಎಂದು ಹೇಳುವವರಿದ್ದಾರೆ. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಪ್ರತಿಯೊಂದು ಕಾಲುವೆಗೂ ಪ್ರತಿಯೊಂದು ರಸ್ತೆಗೂ ಅಪಾಯ ಸೊನ್ನೆಯಾಗುವಷ್ಟು ಹಣ ಸುರಿದರೆ ಶಾಲೆಗೂ ಆಸ್ಪತ್ರೆಗೂ ಏನೂ ಉಳಿಯದು. ಎಲ್ಲಿ ಎಷ್ಟು ಅಪಾಯ ಇಟ್ಟುಕೊಳ್ಳಬೇಕೆಂದು ತೂಗಲೇಬೇಕು. ಹಾಗಾದರೆ ಬನ್ನಿ, ತೂಗಿ ನೋಡೋಣ.

ಗೇಟು ಬದಲಿಸದೆ ಉಳಿಸಿದ ಹಣಕ್ಕೆ ನಾವು ತೆತ್ತದ್ದೇನು? ೨೦೨೪ರಲ್ಲಿ ಹರಿದುಹೋದ ನೀರು ಒಂದು. ಮಳೆ ಬಾರದಿದ್ದರೆ ಆ ವರ್ಷವೇ ಬೆಳೆ ಹೋಗುತ್ತಿತ್ತು. ಅದನ್ನು ಉಳಿಸಿದ್ದು ಆಡಳಿತವಲ್ಲ, ಮೋಡ. ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷರಾದ ಎ. ಕೆ. ಬಜಾಜ್ ಅವರ ಸಮಿತಿ ಪರೀಕ್ಷಿಸಿ, ೩೩ ಗೇಟುಗಳನ್ನೂ ಬದಲಿಸಬೇಕೆಂದಿತು. ಹೂಳು ತುಂಬಿ ೧೩೩ ಟಿ.ಎಂ.ಸಿ.ಯಿಂದ ೧೦೫ಕ್ಕೆ ಇಳಿದಿದ್ದ ಜಲಾಶಯದಲ್ಲಿ, ೨೦೨೫ರ ಮಳೆಗಾಲಕ್ಕೆ ೮೦ ಟಿ.ಎಂ.ಸಿ. ಮಾತ್ರ ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಹೊಳೆ ತುಂಬಿ ಬಂದರೂ ನೀರನ್ನು ಕೆಳಗೆ ಬಿಡಬೇಕು! ಕೊನೆಗೆ ೨೦೨೫ರ ನವೆಂಬರಿನಲ್ಲಿ, ಗೇಟುಗಳ ಕೆಲಸಕ್ಕಾಗಿ ಎರಡನೆಯ ಬೆಳೆಗೆ ನೀರಿಲ್ಲ ಎಂಬ ಘೋಷಣೆ ಬಂತು.

ಗೇಟು ಬದಲಿಸಬೇಕಾದದ್ದೇ. ನೀರು ನಿಲ್ಲಿಸದೆ ಆ ಕೆಲಸ ಆಗದು ಎಂಬುದೂ ಸರಿಯೇ. ಆದರೆ ವರ್ಷಕ್ಕೆ ಎರಡು, ಮೂರು ಎಂದು ಸಾವಕಾಶವಾಗಿ, ಬೆಳೆ ಇಲ್ಲದ ತಿಂಗಳುಗಳಲ್ಲಿ ಮಾಡಬಹುದಾಗಿದ್ದ ಕೆಲಸವನ್ನು ೨೬ ವರ್ಷ ಮುಂದೂಡಿ, ಒಮ್ಮೆಗೇ ಮಾಡಬೇಕಾಗಿ ಬಂದದ್ದರ ಬೆಲೆ ತೆತ್ತವರು ಯಾರು? ಭತ್ತದ ಗದ್ದೆಯವನು ತೆತ್ತನು. ಅವನಿಗಿಂತ ಹೆಚ್ಚಾಗಿ ಗದ್ದೆಯೇ ಇಲ್ಲದವಳು ತೆತ್ತಳು. ನಾಟಿ ಹಚ್ಚಲು ಹೋಗುವ ಹೆಣ್ಣುಮಗಳಿಗೆ ಎರಡನೆಯ ಬೆಳೆ ಎಂದರೆ ಮನೆಯ ಎರಡನೆಯ ಹೊತ್ತಿನ ಊಟ. ಪರಿಹಾರದ ಮಾತು ಬಂದಾಗಲೆಲ್ಲ ಎಕರೆಗೆ ಎಷ್ಟು ಎಂದು ಕೇಳುತ್ತಾರೆ. ಎಕರೆ ಇಲ್ಲದವಳ ಹೆಸರು ಯಾವ ಪಹಣಿಯಲ್ಲಿದೆ?

ಸುಪ್ರೀಂ ಕೋರ್ಟು ದಿಲ್ಲಿಯ ವಿಷಾನಿಲ ಸೋರಿಕೆಯ ಮೊಕದ್ದಮೆಯಲ್ಲಿ ೧೯೮೬ರಲ್ಲೇ ಒಂದು ತತ್ವವನ್ನು ಸಾರಿದೆ: ಅಪಾಯಕರ ಉದ್ಯಮ ನಡೆಸುವವನು, ನಾನು ಜಾಗರೂಕನಾಗಿದ್ದೆ ಎಂದು ಹೇಳಿ ನುಣುಚಿಕೊಳ್ಳುವಂತಿಲ್ಲ, ಆದ ಹಾನಿಗೆಲ್ಲ ಅವನೇ ಹೊಣೆ. ಕಾರ್ಖಾನೆಯ ಮಾಲೀಕನಿಗೆ ಒಪ್ಪುವ ನ್ಯಾಯ ಹೊಳೆಗೆ ಅಡ್ಡಗಟ್ಟಿ ನಿಂತ ಸರಕಾರಕ್ಕೆ ಏಕೆ ಒಪ್ಪಬಾರದು? ಅಣೆಕಟ್ಟು ಸುರಕ್ಷಾ ಕಾಯಿದೆಯಲ್ಲಿ ಕೆಳದಂಡೆಯ ಜನರ ಪರಿಹಾರದ ಮಾತೇ ಇಲ್ಲದಿರುವುದು ಆಕಸ್ಮಿಕವಲ್ಲ. ಬರೆದವರು ಕೆಳದಂಡೆಯವರಲ್ಲ.

ನಮ್ಮ ಆಗ್ರಹ

ಆದ್ದರಿಂದ ನಾವು ಕೇಳುವುದು ಆಕಾಶದ ಚಂದ್ರನನ್ನಲ್ಲ. ಸೊನ್ನೆ ಅಪಾಯದ ಭರವಸೆಯನ್ನು ನಾವು ಕೇಳುವುದಿಲ್ಲ. ಕೊಟ್ಟರೆ ನಂಬುವುದೂ ಇಲ್ಲ.

ಮೊದಲನೆಯದಾಗಿ, ಅಣೆಕಟ್ಟಿನ ಪ್ರತಿ ತಪಾಸಣೆಯ ವರದಿ ಕನ್ನಡದಲ್ಲಿ, ಒಂದೊಂದು ಗೇಟಿನ ಮುಂದೆ ಒಂದೊಂದು ಸಾಲಿನಂತೆ, ಹೊಳೆದಂಡೆಯ ಮತ್ತು ಕಾಲುವೆಯ ಕೆಳಗಿನ ಎಲ್ಲ ಗ್ರಾಮ ಪಂಚಾಯಿತಿಗಳ ಗೋಡೆಗೆ ಅಂಟಬೇಕು. ಹನುಮನಹಳ್ಳಿಯವರು ಚಾವಡಿಯಲ್ಲಿ ಕೂತು ಅದನ್ನು ಓದಬೇಕು.

ಎರಡನೆಯದಾಗಿ, ಹೊಸ ಗೇಟು ಬಂತೆಂದು ಮತ್ತೆ ಕಣ್ಣು ಮುಚ್ಚಬಾರದು. ಹೊಸದೂ ಒಂದು ದಿನ ಹಳೆಯದಾಗುತ್ತದೆ. ಯಾವ ಸರಪಳಿಯನ್ನು ಯಾವ ವರ್ಷ ಬದಲಿಸುತ್ತೀರೆಂದು ಇಂದೇ ಬರೆದಿಡಬೇಕು. ಅದರ ಹಣವನ್ನು ಬೇರೆ ಬಾಬಿಗೆ ಮುಟ್ಟಬಾರದು. ಅಡ್ಡ ಹಲಗೆಗಳ ಒಂದು ಪೂರ್ಣ ಜೊತೆ ಸದಾಕಾಲ ಅಣೆಕಟ್ಟಿನ ಮಗ್ಗುಲಲ್ಲೇ ಸಿದ್ಧವಾಗಿರಬೇಕು.

ಮೂರನೆಯದಾಗಿ, ನೀರು ಎಷ್ಟು ನಿಲ್ಲಿಸಬೇಕು, ಯಾವ ಕೆಲಸ ಮುಂದೂಡಬೇಕು ಎಂದು ತೂಗುವ ಸಭೆಯಲ್ಲಿ ಮಂತ್ರಿ, ಶಾಸಕ, ಇಂಜಿನಿಯರುಗಳ ಜೊತೆಗೆ ಕಾಲುವೆಯ ಕೊನೆಯ ರೈತ, ಹೊಳೆದಂಡೆಯ ನಿವಾಸಿ, ಕೂಲಿ ಮಾಡುವ ಹೆಣ್ಣುಮಗಳು ಕೂತಿರಬೇಕು. ಮೂಲೆಯಲ್ಲಿ ಕೂತು ಕೇಳುವುದಕ್ಕಲ್ಲ, ಬೇಡವೆನ್ನುವ ಹಕ್ಕಿನೊಂದಿಗೆ.

ನಾಲ್ಕನೆಯದಾಗಿ, ಆಡಳಿತದ ಆಲಸ್ಯದಿಂದ ಬೆಳೆ ತಪ್ಪಿದ ವರ್ಷ ರೈತನಿಗೂ ಕೂಲಿಯವಳಿಗೂ ಪರಿಹಾರ ಸಿಗಬೇಕು. ಕೃಪೆಯೆಂದಲ್ಲ, ಹಕ್ಕೆಂದು.

ಹರಿಗೋಲಿನವನ ಜೊತೆಗೆ ಹೊಳೆ ದಾಟಲು ನಮಗೆ ಅಂಜಿಕೆಯಿಲ್ಲ. ಅವನೂ ನಮ್ಮ ಜೊತೆ ಕೂತಿರುತ್ತಾನೆ. ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು, ಹೊಳೆ ದಾಟಿ, ಸ್ವಲ್ಪ ಅಪಾಯ ಇದ್ದೇ ಇರುತ್ತದೆ ಎಂದು ನಮಗೆ ಉಪದೇಶ ಮಾಡುವವರನ್ನು ಕಂಡರೆ ನಮಗೆ ಅಂಜಿಕೆ. ಅವರಿಗೆ ನಾವು ಹೇಳುವುದು ಇಷ್ಟೇ: ಸ್ವಾಮೀ, ಇಳಿದು ಬನ್ನಿರಿ, ಹರಿಗೋಲಿನಲ್ಲಿ ಕೂಡ್ರಿರಿ. ಆಮೇಲೆ ಎಷ್ಟು ಅಪಾಯ ಒಪ್ಪಬೇಕೆಂಬ ಮಾತನ್ನು ಕೂಡಿಯೇ ಆಡೋಣ.